ಸೈಕಲ್ ನಿಲ್ಲಿಸಿ ಹೊಡೆಯುತ್ತಿದ್ದವರು

ಅವರ ಕೈಯಿಂದ ನನಗೂ ಒಂದು ಬಿದ್ದಿದೆ. ಕತಾರಿಗೆ ಬಂದ ನಾಲ್ಕನೆಯ ದಿನ, ದೋಹಾದ ಮುಶೈರಿಬ್‌ನಲ್ಲಿ. ರಸ್ತೆ ದಾಟುವ ಮೊದಲು ಊರಿನ ಅಭ್ಯಾಸದಂತೆ ಬಲಕ್ಕೆ ನೋಡಿದೆ, ಗಾಡಿ ಇರಲಿಲ್ಲ, ಕಾಲಿಟ್ಟೆ. ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ದಾಟುವವನ ಮೈಮೇಲೆ ಮೊದಲು ಬರುವುದು ಎಡದಿಂದ. ಈ ವಿಷಯ ನನಗೆ ತಿಳಿದಿತ್ತು, ನನ್ನ ಕುತ್ತಿಗೆಗೆ ತಿಳಿದಿರಲಿಲ್ಲ. ಹಿಂದಿನಿಂದ ಯಾರೋ ಕಾಲರ್ ಹಿಡಿದು ಎಳೆದರು. ಬಿಳಿ ಜೀಪೊಂದು ನನ್ನ ಅಂಗಿಯ ಗುಂಡಿ ಸವರಿಕೊಂಡು ಹೋಯಿತು. ಎಳೆದವರು ನನ್ನನ್ನು ತಿರುಗಿಸಿ ನಿಲ್ಲಿಸಿ, ಕೈಯೆತ್ತಿ, ಎಡಗೆನ್ನೆಗೆ ಬಾರಿಸಿದರು. ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ಇಪ್ಪತ್ತಾರು ವರ್ಷದ, ಮದುವೆಯಾದ ಗಂಡಸು ನಾನು. ಕಿವಿಯಲ್ಲಿ ಸಂಜೆಯವರೆಗೆ ಗುಂಯ್ ಎನ್ನುತ್ತಿತ್ತು.

"ಎಡಕ್ಕೆ ನೋಡ್ಬೇಕು ಮೊದಲು. ಗೊತ್ತಾಯ್ತಾ ಬೇವರ್ಸಿ?" ಎಂದರು. ಕೂಡಲೇ ಪಕ್ಕದ ಅಂಗಡಿಯಿಂದ ಕರಕ್ ಚಹಾ ತರಿಸಿ ನನ್ನ ಕೈಗೆ ಕೊಟ್ಟು, ಕುಡಿದು ಮುಗಿಸುವವರೆಗೆ ಎದುರಿಗೆ ನಿಂತರು. ಮರುದಿನ ಆಫೀಸಿನಲ್ಲಿ ನೋಡಿದರೆ ನಾನು ಯಾರ ಕೈಕೆಳಗೆ ಕೆಲಸ ಕಲಿಯಬೇಕಾಗಿತ್ತೋ ಆ ಸೀನಿಯರ್ ಇನ್‌ಸ್ಪೆಕ್ಟರ್ ಇವರೇ. ನನ್ನ ಗ್ರಹಚಾರ ಎಂದುಕೊಂಡೆ.

ಕಳೆದ ತಿಂಗಳು ಅವರು ತೀರಿಕೊಂಡರು. ಸುದ್ದಿ ಹೇಳಲು ಫೋನ್ ಮಾಡಿದ ಮೂವರೂ ಒಂದೇ ಮಾತು ಆಡಿದರು: ಕೈ ಮಾಡಿ ಕತಾರಿನಲ್ಲಿ ಮೂರು ತಿಂಗಳು ಜೈಲಲ್ಲಿ ಕೂತು, ಅಲ್ಲಿಂದಲೇ ವಿಮಾನ ಹತ್ತಿಸಿಕೊಂಡ ಮನುಷ್ಯ ಅಲ್ಲವಾ? ಹೌದು, ಅವರೇ. ಆದರೆ ಆ ಜೈಲು ತಪ್ಪುವುದಿತ್ತು. ಅದು ಹೇಗೆ ತಪ್ಪದೆ ಹೋಯಿತು ಎಂಬುದನ್ನು ನೋಡಿದ ನಮ್ಮ ಕಡೆಯವನು ನಾನೊಬ್ಬನೇ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅವರು ಬಂಟ್ವಾಳದ ಕಡೆಯ ಕ್ರಿಶ್ಚಿಯನರು, ಮನೆಮಾತು ಕೊಂಕಣಿ. ನಾನು ಉಳ್ಳಾಲದ ಬ್ಯಾರಿ. ನಮ್ಮಿಬ್ಬರ ನಡುವೆ ಮಾತಿಗೆ ಕನ್ನಡ, ಬೈಗುಳಕ್ಕೆ ತುಳು. ಬೈಗುಳ ಎಲ್ಲ ಒಂದೇ ಕಡೆಯಿಂದ ಬರುತ್ತಿತ್ತು.

ಕುಳ್ಳಗೆ, ದಪ್ಪಗೆ, ಕುತ್ತಿಗೆಯೇ ಇಲ್ಲದ ಹಾಗೆ ಇದ್ದರು. ಸೊಂಟದಲ್ಲಿ ಸಣ್ಣದೊಂದು ಸುತ್ತಿಗೆ. ಪೈಪಿಗೆ ಬಡಿದು, ಕಿವಿಗೊಟ್ಟು, ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳುತ್ತಿದ್ದರು. ಯಂತ್ರ ಬಂದು ಪರೀಕ್ಷೆ ಮಾಡಿದಾಗ ಅವರ ಮಾತೇ ನಿಜವಾಗುತ್ತಿತ್ತು. ಮಾಲು ಕೆಟ್ಟದಿದ್ದರೆ ಬೇರೆಯವರು ಕೆಂಪು ಚೀಟಿ ಅಂಟಿಸುತ್ತಾರೆ. ಇವರು ಒದೆಯುತ್ತಿದ್ದರು. ಒಮ್ಮೆ ಸುಳ್ಳು ಸರ್ಟಿಫಿಕೇಟು ಹಿಡಿದುಕೊಂಡು ವಾಲ್ವ್ ಮಾರಲು ಬಂದವನೊಬ್ಬನ ಎದುರೇ ಆ ವಾಲ್ವ್ ಎತ್ತಿ ಕಿಟಕಿಯಿಂದ ಹೊರಗೆಸೆದರು. ಕಿಟಕಿ ಮುಚ್ಚಿತ್ತು. ಇನ್ನೊಮ್ಮೆ, ಕಣ್ಣಿಗೆ ಗಾಜು ಹಾಕದೆ ಗ್ರೈಂಡಿಂಗ್ ಮಾಡುತ್ತಿದ್ದ ವೆಲ್ಡರನ ತಲೆಗೆ ಅವನದೇ ಹೆಲ್ಮೆಟ್ಟಿನಿಂದ ಕುಟ್ಟಿದರು. ಅವನ ಹಣೆ ಒಡೆದು ರಕ್ತ ಬಂತು. ಔಷಧಿ ಪೆಟ್ಟಿಗೆ ತಂದು ಪಟ್ಟಿ ಕಟ್ಟಿದವರೂ ಅವರೇ. ಕಟ್ಟುತ್ತಾ ಮತ್ತೆ ಬೈದರು.

ಇದನ್ನೆಲ್ಲ ತಮಾಷೆಯ ಹಾಗೆ ಬರೆಯುತ್ತಿದ್ದೇನೆ. ಆಗ ತಮಾಷೆಯಾಗಿರಲಿಲ್ಲ. ಅವರ ಪೆಟ್ಟು ತಿಂದವರಲ್ಲಿ ಹೆಚ್ಚಿನವರು ತಿರುಗಿ ಹೊಡೆಯಲು ಆಗದವರು, ದೂರು ಕೊಡಲು ಹೆದರುವವರು. ಒಳ್ಳೆಯದಕ್ಕೆ ಹೊಡೆದರು ಎಂದು ಹೇಳಿದರೆ ಹೊಡೆಸಿಕೊಂಡವನಿಗೆ ನೋವು ಕಡಿಮೆಯಾಗುವುದಿಲ್ಲ. ನನಗೂ ಆಗಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಸೈಕಲ್ ವಿಷಯ. ಆಗ ದೋಹಾದಲ್ಲಿ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿತ್ತು. ನಗರದ ಹೊರಗಿನ ಸನಾಯಾ, ಅಂದರೆ ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪುಗಳಿಂದ ಕೆಲಸಗಾರರು ಹಳೆಯ ಸೈಕಲ್ ತುಳಿದುಕೊಂಡು ಓಡಾಡುತ್ತಿದ್ದರು. ಊರಿನಿಂದ ಹೊಸದಾಗಿ ಬಂದವರು ಊರಿನಲ್ಲಿ ಹೋದ ಹಾಗೆ ರಸ್ತೆಯ ಎಡಬದಿ ಹಿಡಿದು ಹೋಗುತ್ತಿದ್ದರು, ಎದುರಿನಿಂದ ಟಿಪ್ಪರುಗಳು ಬರುತ್ತಿದ್ದವು. ಅಂಥವನೊಬ್ಬ ಕಣ್ಣಿಗೆ ಬಿದ್ದರೆ ಸಾಕು, ಇವರು ಪಿಕಪ್ ಅಡ್ಡ ನಿಲ್ಲಿಸಿ ಇಳಿಯುತ್ತಿದ್ದರು. ಅಂಗಿ ಹಿಡಿದು ಎಳೆದು, ಕೆನ್ನೆಗೆ ಒಂದು ಕೊಟ್ಟು, ಸೈಕಲ್ಲನ್ನು ಎತ್ತಿಕೊಂಡು ರಸ್ತೆ ದಾಟಿ ಆಚೆ ಬದಿಯಲ್ಲಿ ಧೊಪ್ಪನೆ ಇಡುತ್ತಿದ್ದರು. ಬಾಯಿಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಆಫೀಸಿನಲ್ಲಿ ಬಾಯಿ ಮುಚ್ಚದ ಮನುಷ್ಯ ಅಲ್ಲಿ ಮೂಗನ ಹಾಗೆ ಹೊಡೆಯುತ್ತಿದ್ದರು. ಪೆಟ್ಟು ತಿಂದವನು ಏನೆಂದು ತಿಳಿಯದೆ ಕೆನ್ನೆ ಹಿಡಿದುಕೊಂಡು ನಿಲ್ಲುತ್ತಿದ್ದ. ಗಾಡಿಯಲ್ಲಿ ಕೂತ ನಾನು ಬೇರೆ ಕಡೆ ನೋಡುತ್ತಿದ್ದೆ. ಅದು ನನ್ನ ಹೇಡಿತನ, ಒಪ್ಪಿಕೊಳ್ಳುತ್ತೇನೆ.

"ಯಾಕೆ ಸಾರ್ ಹೀಗೆ? ಹೇಳಿದರೆ ಸಾಕಲ್ಲ?" ಎಂದು ಒಮ್ಮೆ ಕೇಳಿದೆ.

"ನೀನು ಸೀಟ್ ಬೆಲ್ಟ್ ಹಾಕಿ ಸುಮ್ನೆ ಕೂತ್ಕೋ" ಎಂದರು.

ಆಮೇಲೆ ಬಂದದ್ದು ಇಟಲಿ. ಗ್ಯಾಸ್ ಪ್ರಾಜೆಕ್ಟಿನ ಪಂಪುಗಳು ಅಲ್ಲಿ ತಯಾರಾಗುತ್ತಿದ್ದವು. ಕಾರ್ಖಾನೆಯಿಂದ ಹೊರಡುವ ಮೊದಲು ಅವುಗಳನ್ನು ಓಡಿಸಿ ನೋಡಿ ಸಹಿ ಹಾಕಲು ನಮ್ಮಿಬ್ಬರನ್ನು ಕಳಿಸಿದರು. ಪೋ ನದಿಯ ಬಯಲಿನಲ್ಲಿ ಒಂದು ಸಣ್ಣ ಊರು. ನಾವು ಅಲ್ಲಿಗೆ ಹೋದ ವಾರದಲ್ಲೇ ಇವರು ಒಂದು ಬೇರಿಂಗ್ ತಿರಸ್ಕರಿಸಿದರು. ಹೊಸದು ಬರುವಷ್ಟರಲ್ಲಿ ಆಗಸ್ಟಿನ ರಜೆ ಬಂತು. ಅಲ್ಲಿ ರಜೆ ಅಂದರೆ ಊರಿಗೆ ಊರೇ ಬಾಗಿಲು ಎಳೆದುಕೊಂಡು ಸಮುದ್ರಕ್ಕೆ ಹೋಗುತ್ತದೆ. ಕಾರ್ಖಾನೆ ಬಂದ್, ಹೋಟೆಲು ಬಂದ್. ನಾವು ಇಳಿದುಕೊಂಡಿದ್ದ ಮನೆಯ ಮುದುಕಿ ಮಾತ್ರ ಉಳಿದಿದ್ದಳು. ನಮ್ಮಿಬ್ಬರ ಮುಖ ನೋಡಲಾರದೆ ಕೊಟ್ಟಿಗೆಯಿಂದ ಎರಡು ಸೈಕಲ್ ಹೊರಗೆಳೆದು, ನದಿಯ ಕಡೆ ಕೈ ತೋರಿಸಿದಳು.

ಸೈಕಲ್ ನೋಡಿದ್ದೇ ಅವರ ಮುಖ ಕಪ್ಪಿಟ್ಟಿತು. "ನಂಗೆ ಬೇಡ" ಎಂದು ಚಕ್ರಕ್ಕೆ ಒದ್ದು ಒಳಗೆ ಹೋದರು. ಮುದುಕಿಗೆ ಏನು ಹೇಳುವುದೆಂದು ತಿಳಿಯದೆ ನಾನೊಬ್ಬನೇ ಹೊರಟೆ.

ಅಂಥ ದಾರಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನದಿಯ ನೆರೆ ತಡೆಯಲು ಕಟ್ಟಿದ ಎತ್ತರದ ಒಡ್ಡು, ಅದರ ನೆತ್ತಿಯ ಮೇಲೆ ಡಾಂಬರು. ಕಾರು ಬಾರದಂತೆ ಕೆಂಪು ಬಿಳಿ ಬಣ್ಣದ ಕಬ್ಬಿಣದ ಕೋಲು ಅಡ್ಡ. ಕೋಲು ದಾಟಿದರೆ ಮುಗಿಯಿತು, ಹತ್ತು ಮೈಲು ಹೋದರೂ ಇಂಜಿನ್ನಿನ ಸದ್ದಿಲ್ಲ. ಏರಿಲ್ಲ, ಇಳಿತವಿಲ್ಲ, ತಿರುವು ಕೂಡ ಅಪರೂಪ. ಒಂದು ಬದಿಗೆ ಸಾಲು ಹಿಡಿದು ನೆಟ್ಟ ಪೋಪ್ಲರ್ ಮರ, ಇನ್ನೊಂದು ಬದಿಗೆ ನೀರು ನಿಂತ ಭತ್ತದ ಗದ್ದೆ. ಇಟಲಿಯಲ್ಲಿ ಭತ್ತ ಬೆಳೆಯುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಗದ್ದೆಯಲ್ಲಿ ಬೆಳ್ಳಕ್ಕಿ. ಸೈಕಲ್ಲಿನ ಚೈನು ತಿರುಗುವುದು, ನನ್ನದೇ ಉಸಿರು, ಅಷ್ಟೇ ಕೇಳುತ್ತಿತ್ತು. ಎರಡು ಗಂಟೆ ತುಳಿದು ಬಂದು ಅವರಿಗೆ ಹೇಳಿದೆ, "ಸಾರ್, ಅಲ್ಲಿ ಗಾಡಿಯೇ ಇಲ್ಲ. ಒಂದೂ ಇಲ್ಲ."

"ಒಂದೂ ಇಲ್ವಾ?" ಎಂದು ಎರಡು ಸಲ ಕೇಳಿದರು.

ಮರುದಿನ ಬೆಳಿಗ್ಗೆ ನಾನು ಏಳುವಾಗ ಅವರು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ಅಂಗಳದಲ್ಲಿ ನಿಂತಿದ್ದರು. ಐದು ದಿನ ಹೋದೆವು. ಐದೂ ದಿನ ಅವರು ಯಾರಿಗೂ ಬೈಯಲಿಲ್ಲ. ಕಾಲುವೆಯ ತೂಬು ಕಂಡಲ್ಲಿ ಇಳಿದು ಅದರ ಕಬ್ಬಿಣಕ್ಕೆ ಬಡಿದು ನೋಡುತ್ತಿದ್ದರು, ತಲೆಯಾಡಿಸಿ ಮತ್ತೆ ಹತ್ತುತ್ತಿದ್ದರು. "ಇಲ್ಲಿ ಒಬ್ಬನಿಗೂ ಹೊಡೀಬೇಕಂತ ಕಾಣುದಿಲ್ಲ ಮಾರಾಯ" ಎಂದರು ಒಮ್ಮೆ, ತಮಗೇ ಆಶ್ಚರ್ಯವಾದ ಹಾಗೆ. ಅವರನ್ನು ನಾನು ಮೊದಲ ಸಲ ಇಷ್ಟಪಟ್ಟದ್ದು ಆ ಐದು ದಿನಗಳಲ್ಲಿ.

ಐದನೆಯ ದಿನ ಒಂದು ವಿಷಯ ನನ್ನ ಗಮನಕ್ಕೆ ಬಂತು. ಅವರು ಒಡ್ಡಿನ ಎಡಬದಿಯಲ್ಲೇ ಹೋಗುತ್ತಿದ್ದರು. ದೋಹಾದಲ್ಲಿ ಅದೇ ತಪ್ಪಿಗೆ ಜನರ ಕೆನ್ನೆ ಊದಿಸಿದ ಮನುಷ್ಯ! ತಮಾಷೆ ಮಾಡುವ ಚಪಲ ತಡೆಯಲಾಗಲಿಲ್ಲ.

"ಸಾರ್, ರೈಟ್ ಸೈಡ್! ಇಳಿದು ಹೊಡೀಬೇಕಾ ನಿಮಗೆ?" ಎಂದೆ.

"ಇಲ್ಲಿ ಯಾರಿದ್ದಾರೆ ಮಾರಾಯ? ಬೆಳ್ಳಕ್ಕಿ ಬಂದು ಗುದ್ದುತ್ತದಾ?" ಎಂದು ನಕ್ಕರು. ಸ್ವಲ್ಪ ದೂರ ಹೋದ ಮೇಲೆ ಬ್ರೇಕ್ ಹಿಡಿದು ನಿಂತರು. ತಾವು ತುಳಿಯುತ್ತಿದ್ದ ಬದಿಯನ್ನು ಕೆಳಗೆ ನೋಡಿದರು. ನಗು ಹೋಗಿತ್ತು.

"ನನ್ನ ತಮ್ಮ ಹೀಗೇ ಹೋದದ್ದು" ಎಂದರು.

ಅವರು ಗದ್ದೆಯ ಕಡೆ ಮುಖ ಮಾಡಿ ಹೇಳಿದರು. "ನಾನು ದೋಹಾಕ್ಕೆ ಬಂದು ಆರು ವರ್ಷ ಆಗಿತ್ತು. ಅವನಿಗೆ ವೀಸಾ ಮಾಡಿಸಿದ್ದು ನಾನು. ಸೈಕಲ್ ತೆಗೆದುಕೊಟ್ಟದ್ದು ಕೂಡ ನಾನೇ. ಏರ್‌ಪೋರ್ಟಿಂದ ರೂಮಿಗೆ ಬರುವಾಗ್ಲೇ ಎಲ್ಲ ಹೇಳಿದ್ದೆ. ನೀರು ಕುಡಿ, ಐಡಿ ಬತಾಕ ಯಾವಾಗ್ಲೂ ಜೇಬಲ್ಲಿಡು, ಹೆಂಗಸರ ಕಡೆ ನೋಡ್ಬೇಡ, ಫೋರ್ಮನ್‌ಗೆ ಎದುರು ಮಾತಾಡ್ಬೇಡ. ಬಲಗಡೆ ಹೋಗು ಅಂತ ಮಾತ್ರ ಹೇಳ್ಲಿಲ್ಲ. ನಂಗೆ ಅಭ್ಯಾಸ ಆಗಿತ್ತಲ್ಲ, ಅದು ಹೇಳುವ ವಿಷಯ ಅಂತಲೇ ತಲೆಗೆ ಬರ್ಲಿಲ್ಲ."

"ಅವನಿಗೆ ಬೇರೆ ಗಾಡಿ ನೋಡಿ ಗೊತ್ತಾಗ್ತಿರ್ಲಿಲ್ವಾ ಸಾರ್?"

"ಬೆಳಗ್ಗೆ ಖಾಲಿ ರಸ್ತೆ. ಖಾಲಿ ರಸ್ತೆಯಲ್ಲಿ ಮನುಷ್ಯ ಊರಲ್ಲಿ ಹೋದ ಹಾಗೇ ಹೋಗ್ತಾನೆ. ನಾನೀಗ ಹೋಗ್ತಾ ಇಲ್ವಾ? ಲಾರಿ ರೌಂಡ್‌ಬೌಟ್ ತಿರುಗಿ ಬಂತು. ಅವನು ಊರಿಂದ ಬಂದು ಒಂಬತ್ತು ದಿನ ಆಗಿತ್ತು. ಆಸ್ಪತ್ರೆಯಲ್ಲಿ ನಂಗೆ ಅಂಗಿ ತೋರಿಸಿ ಇದು ನಿನ್ನ ತಮ್ಮಂದಾ ಕೇಳಿದ್ರು. ಮುಖ ತೋರಿಸ್ಲಿಲ್ಲ."

ಇಷ್ಟು ಹೇಳಿ ಅವರು ಸೈಕಲ್ಲಿನಿಂದ ಇಳಿದರು. ಅದರ ಹ್ಯಾಂಡಲ್ ಹಿಡಿದು ತಲೆಯ ಮೇಲೆತ್ತಿ ಡಾಂಬರಿಗೆ ಅಪ್ಪಳಿಸಿದರು. ಮತ್ತೆ ಎತ್ತಿ ಅಪ್ಪಳಿಸಿದರು. ಬಿದ್ದ ಚಕ್ರದ ಮೇಲೆ ಹಾರಿ ಹಾರಿ ತುಳಿದರು, ಕಡ್ಡಿಗಳು ಒಂದೊಂದಾಗಿ ಮುರಿದು ಅವರ ಮೀನಖಂಡಕ್ಕೆ ಚುಚ್ಚಿ ಕಾಲುಚೀಲ ಕೆಂಪಾಯಿತು. ಆ ಮೌನದಲ್ಲಿ ಆ ಸದ್ದು ಎಷ್ಟು ದೂರ ಹೋಗಿರಬಹುದೋ. ಗದ್ದೆಯ ಹಕ್ಕಿಗಳೆಲ್ಲ ಎದ್ದವು. ಹಿಡಿಯಲು ಹೋದ ನನ್ನ ಎದೆಗೆ ಮೊಣಕೈಯಿಂದ ತಿವಿದರು. ಕೊನೆಗೆ ಉಸಿರು ಸಾಲದೆ ಒಡ್ಡಿನ ಇಳಿಜಾರಿನ ಹುಲ್ಲಿನಲ್ಲಿ ಕೂತರು.

ಮುರಿದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದದ್ದನ್ನು ನೋಡಿ ಮುದುಕಿ ಕಿರುಚಿದಳು. ಅದು ಅವಳ ಗಂಡನದಂತೆ. ಕೈಯಲ್ಲಿದ್ದ ಪಾತ್ರೆ ಒರೆಸುವ ಬಟ್ಟೆಯಿಂದ ಇವರ ಭುಜಕ್ಕೆ, ತಲೆಗೆ ಪಟಪಟ ಬಾರಿಸಿದಳು. ಇವರು ತಲೆ ತಗ್ಗಿಸಿ ನಿಂತು ಅಷ್ಟನ್ನೂ ತಿಂದರು. ಉಳಿದ ರಜೆಯಿಡೀ ಕೊಟ್ಟಿಗೆಯಲ್ಲಿ ಕೂತು ಚಕ್ರಕ್ಕೆ ಹೊಸ ಕಡ್ಡಿ ಹಾಕಿ ನೇರ ಮಾಡಿದರು. ನಾನು ಸಲಕರಣೆ ಎತ್ತಿಕೊಟ್ಟೆ. ತಮ್ಮನ ಮಾತು ಮತ್ತೆ ಬರಲಿಲ್ಲ.

ದೋಹಾಕ್ಕೆ ಮರಳಿದ ಮೇಲೆ ಅವರು ಮೆತ್ತಗಾಗುತ್ತಾರೆ ಎಂದು ನಾನು ಎಣಿಸಿದ್ದೆ. ಇನ್ನೂ ಕಟುವಾದರು. ಆ ಚಳಿಗಾಲದ ಒಂದು ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ಅವರು ಇಗರ್ಜಿಯ ಪೂಜೆ ಮುಗಿಸಿ, ನನ್ನನ್ನು ಜುಮ್ಮಾ ನಮಾಜಿಗೆ ಬಿಡಲು ಕರೆದೊಯ್ಯುತ್ತಿದ್ದರು. ಸನಾಯಾದ ಹತ್ತಿರ ಒಬ್ಬ ಸೈಕಲ್ಲಿನಲ್ಲಿ ನಮಗೆ ಎದುರಾಗಿಯೇ ಬರುತ್ತಿದ್ದ. ಇವರು ಗಾಡಿ ನಿಲ್ಲಿಸಿದರು. "ಬೇಡ ಸಾರ್" ಎಂದು ನಾನು ತೋಳು ಹಿಡಿದೆ, ಕೊಡವಿಕೊಂಡು ಇಳಿದರು. ಅವತ್ತಿನ ಪೆಟ್ಟು ಬಹಳ ಜೋರಾಗಿತ್ತು. ಅವನು ಸೈಕಲ್ ಸಮೇತ ಕಲ್ಲಿನ ಅಂಚಿಗೆ ಬಿದ್ದ. ಬಲಗೈ ಅವನ ಮೈಯಡಿ ಸಿಕ್ಕಿ ಮುರಿದ ಸದ್ದು ನನಗೆ ಗಾಡಿಯೊಳಗೇ ಕೇಳಿತು. ತಲೆಯಿಂದ ರಕ್ತ ಇಳಿದು ಕಣ್ಣು ಮುಚ್ಚಿತು. ನಮ್ಮ ಹಿಂದೆಯೇ ಪೊಲೀಸ್ ಗಾಡಿಯಿತ್ತು. ಇವರನ್ನು ಅಲ್ಲಿಂದಲೇ ಒಯ್ದರು.

ಕಂಪನಿಯ ಸರಕಾರಿ ಕೆಲಸ ನೋಡುವ ಮಂದೂಬ್ ನನಗೆ ವಿಷಯ ಬಿಡಿಸಿ ಹೇಳಿದ. ಪೆಟ್ಟು ತಿಂದವನು ತನಾಝುಲ್ ಬರೆದುಕೊಟ್ಟರೆ, ಅಂದರೆ ನಾನು ಮಾಫಿ ಮಾಡಿದ್ದೇನೆ ಎಂದು ಹೆಬ್ಬೆಟ್ಟು ಒತ್ತಿದರೆ, ಈ ಕೇಸು ಇಲ್ಲಿಗೇ ಖಲಾಸ್. ಇಲ್ಲದಿದ್ದರೆ ಜೈಲು, ಆಮೇಲೆ ಗಡೀಪಾರು. ಇಪ್ಪತ್ತು ವರ್ಷ ದುಡಿದ ದೇಶದಿಂದ ಕಳ್ಳನ ಹಾಗೆ ಹೊರಗೆ. ಹೆಬ್ಬೆಟ್ಟು ತರುವ ಕೆಲಸ ನನ್ನ ತಲೆಗೆ ಬಂತು, ಯಾಕೆಂದರೆ ಆಸ್ಪತ್ರೆಯಲ್ಲಿದ್ದವನೂ ಕನ್ನಡದವನು. ಕೊಪ್ಪಳದ ಕಡೆಯ ಗೌಂಡಿ, ಗಾರೆ ಕೆಲಸದವನು, ಬಂದು ಹದಿನೈದು ದಿನ.

ತಲೆಗೆ ಪಟ್ಟಿ, ಕೈಗೆ ಪ್ಲಾಸ್ಟರು. ಸಿಟ್ಟು ಮಾಡಿಕೊಳ್ಳಲೂ ತಿಳಿಯದ ಮುಖ. "ಹೆಬ್ಬಟ್ಟು ಒತ್ತತೀನ್ರೀ, ಅದಕ್ಕೇನು" ಎಂದ. "ಆದ್ರ ಅವ್ರು ನನಗ ಯಾಕ ಬಡದ್ರು ಅಂತ ಅವ್ರ ಬಾಯಿಲೆ ಕೇಳ್ಬೇಕ್ರೀ ನಾ. ನಾ ಏನ್ ತಪ್ಪ ಮಾಡೀನಿ? ಅದೊಂದು ಹೇಳ್ಲಿ."

ನಾನು ಠಾಣೆಗೆ ಓಡಿದೆ. ತಮ್ಮನ ಕಥೆ ಹೇಳಿಬಿಡುತ್ತೇನೆ, ಗೌಂಡಿ ಒಳ್ಳೆಯವನು, ಅರ್ಥ ಮಾಡಿಕೊಳ್ಳುತ್ತಾನೆ ಎಂದೆ. ಕಂಬಿಯ ಆಚೆಯಿಂದ ಅವರು ನನ್ನ ಅಂಗಿ ಹಿಡಿದರು.

"ತಮ್ಮನ ವಿಷಯ ನಿನ್ನ ಬಾಯಲ್ಲಿ ಬಂದ್ರೆ ಕೊಂದುಬಿಡ್ತೇನೆ. ಅವನ ಹೆಣ ತೋರಿಸಿ ಸೈನ್ ಹಾಕಿಸ್ಕೊಳ್ಳುದಾ ನಾನು?"

"ಮತ್ತೆ ಎಂತ ಹೇಳುದು ಸಾರ್?"

"ಎಂತ ಬೇಡ. ಅವನನ್ನು ಕರ್ಕೊಂಡು ಬಾ. ನಾನೇ ಮಾತಾಡ್ತೇನೆ."

ಮೂರನೆಯ ದಿನ ಅವನನ್ನು ಠಾಣೆಗೆ ಕರೆತಂದೆ. ಅಧಿಕಾರಿ ಮೇಜಿನ ಹಿಂದೆ, ಬದಿಯಲ್ಲಿ ಮಂದೂಬ್, ಮೇಜಿನ ಮೇಲೆ ಅರಬ್ಬಿಯಲ್ಲಿ ಬರೆದ ಕಾಗದ. ಅಧಿಕಾರಿ ಅವಸರದಲ್ಲಿದ್ದ, "ಯಲ್ಲಾ, ಯಲ್ಲಾ" ಎನ್ನುತ್ತಿದ್ದ. ಇವರನ್ನು ತಂದು ನಿಲ್ಲಿಸಿದರು. ಗಡ್ಡ ಬೆಳೆದಿತ್ತು. ಗೌಂಡಿ ಎದ್ದು ನಿಂತು, ಮುರಿಯದ ಕೈಯನ್ನು ಎದೆಗಿಟ್ಟು ನಮಸ್ಕಾರ ಮಾಡಿದ. ಹೊಡೆದವರಿಗೆ ನಮಸ್ಕಾರ!

"ಯಾಕ ಬಡದ್ರೀ ಸಾಹೇಬ್ರ ನನಗ?" ಎಂದು ಕೇಳಿದ.

ಇವರ ಕೈ ಮುಷ್ಟಿಯಾಯಿತು. ಅಲ್ಲೇ ಇನ್ನೊಂದು ಕೊಡುತ್ತಾರೋ ಎಂದು ಹೆದರಿ ನಾನು ಹತ್ತಿರ ಸರಿದೆ.

"ನೀನು ಎಡಗಡೆ ಬರ್ತಾ ಇದ್ದೆ" ಎಂದರು ಕೊನೆಗೆ.

"ಹೌದ್ರೀ. ನಮ್ಮೂರಾಗ ಎಲ್ಲಾರೂ ಎಡಕ್ಕ ಹೊಕ್ಕಾರ್ರೀ."

"ಇಲ್ಲಿ ಬಲಗಡೆ."

ಇನ್ನೂ ಏನೋ ಇದೆ ಎಂದು ಗೌಂಡಿ ಎಣಿಸಿದ್ದನೇನೋ. ನನ್ನನ್ನು ನೋಡಿದ, ಅವರನ್ನು ನೋಡಿದ.

"ಇಷ್ಟ ಏನ್ರೀ?" ಎಂದ. "ಇದನ್ನ ಹೇಳಾಕ ಕೈ ಮುರೀಬೇಕಿತ್ತೇನ್ರೀ? ಬಾಯಿಲೆ ಹೇಳಿದ್ರ ಸಾಕಿತ್ತಲ್ರೀ."

ಅವನ ದನಿಯಲ್ಲಿ ಕೊಂಕಿರಲಿಲ್ಲ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಇವರ ಮುಖ ನೋಡಲು ನನ್ನಿಂದಾಗಲಿಲ್ಲ. "ಸಾಕಿತ್ತು" ಎಂದರು. ಮತ್ತೊಮ್ಮೆ, "ಹೌದು, ಬಾಯಲ್ಲಿ ಹೇಳಿದ್ರೆ ಸಾಕಿತ್ತು" ಎಂದರು. ಆ ಮಾತು ಯಾರಿಗೆ ಹೇಳಿದ್ದೆಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಗೌಂಡಿ ಎಡಗೈಯ ಹೆಬ್ಬೆರಳನ್ನು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿದ. ನನಗೆ ಜೀವ ಬಂತು. ಇನ್ನು ಇವರದೊಂದು ಸಹಿ, ಅಷ್ಟೇ. ಅಧಿಕಾರಿ ಕಾಗದವನ್ನು ಇವರ ಕಡೆ ತಳ್ಳಿ ಪೆನ್ನು ಕೊಟ್ಟ.

ಇವರು ಕಾಗದ ಎತ್ತಿಕೊಂಡರು. ನಡುವಿನಿಂದ ಹರಿದರು. ಎರಡು ತುಂಡುಗಳನ್ನು ಸೇರಿಸಿ ಮತ್ತೆ ಹರಿದರು. "ನಾನು ಹೊಡೆದೆ. ಮಾಫಿ ಬೇಡ. ಕೇಸ್ ಬರೀರಿ" ಎಂದು ಅರಬ್ಬಿಯಲ್ಲಿ ಕೂಗಿದರು. "ಮಜ್ನೂನ್!" ಎಂದು, ಅಂದರೆ ಹುಚ್ಚ ಎಂದು, ಅಧಿಕಾರಿ ಎದ್ದ. ಮಂದೂಬ್ ತಲೆ ಚಚ್ಚಿಕೊಂಡ. ನನಗಂತೂ ಅವರನ್ನು ಹಿಡಿದು ಎರಡು ಬಿಗಿಯಬೇಕು ಅನ್ನಿಸಿತು, ಅಷ್ಟು ಸಿಟ್ಟು ಬಂತು, ಅಷ್ಟು ಅಳು ಬಂತು. ತನಗೆ ಯಾವ ಶಿಕ್ಷೆ ಬೇಕು, ಯಾವುದಕ್ಕೆ ಬೇಕು ಎಂದು ಈ ಮನುಷ್ಯ ಎಷ್ಟೋ ವರ್ಷಗಳಿಂದ ತೀರ್ಮಾನ ಮಾಡಿಟ್ಟುಕೊಂಡಿದ್ದರು. ಅದನ್ನು ಕೊಡುವವರು ಇಲ್ಲಿಯವರೆಗೆ ಸಿಕ್ಕಿರಲಿಲ್ಲ.

ಇಬ್ಬರು ಪೊಲೀಸರು ಬಂದು ಅವರ ತೋಳುಗಳನ್ನು ಬೆನ್ನ ಹಿಂದಕ್ಕೆ ತಿರುಚಿದರು. ಅವರು ಗೂಳಿಯ ಹಾಗೆ ಎಳೆದಾಡಿದರು, ಕುರ್ಚಿ ಉರುಳಿತು, ಅಂಗಿಯ ಗುಂಡಿಗಳು ಹಾರಿದವು. ಬಿಡಿಸಿಕೊಂಡು ಓಡುವುದಕ್ಕಲ್ಲ, ಹಿಂದಿರುಗಿ ನೋಡುವುದಕ್ಕೆ. ಬಾಗಿಲ ಬಳಿ ಹೇಗೋ ತಿರುಗಿ ಗೌಂಡಿಯ ಮುಖ ಹುಡುಕಿದರು.

"ಬಲಗಡೆ ಹೋಗು!" ಎಂದು ಕೂಗಿದರು. "ರಸ್ತೆ ಖಾಲಿ ಇದ್ರೂ ಬಲಗಡೆ! ಕೇಳಿತಾ? ಬಲಗಡೆಯೇ ಹೋಗು ತಮ್ಮಾ!"

"ಹೂನ್ರೀ ಸಾಹೇಬ್ರ" ಎಂದ ಗೌಂಡಿ. "ತಿಳೀತ್ರೀ."